ಬೆಟ್ಟ ಹತ್ತಿ ಇಳಿಯುವ ನೀರು

ಕಂಟ್ರಾಕ್ಟ್ ಕೆಲಸದವರಿಗೆ ಬೀಳ್ಕೊಡುಗೆ ಇರುವುದಿಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ, ಸಾಲಾಗಿ ನಿಂತು ತೆಗೆಸಿಕೊಂಡ ಫೋಟೊ ಯಾವುದೂ ಇಲ್ಲ. ಈ ತಿಂಗಳ ಹಾಜರಿಯಲ್ಲಿ ಹೆಸರಿರುತ್ತದೆ, ಮುಂದಿನ ತಿಂಗಳು ಇರುವುದಿಲ್ಲ, ಅಷ್ಟೆ. ಪಂಪ್‌ಹೌಸಿನ ಅಕ್ಕ ಕೆಲಸದಲ್ಲಿಲ್ಲ ಎಂಬ ಸುದ್ದಿ ನನಗೆ ತಲುಪಿದ್ದೂ ಬೇರೆ ಮಾತಿನ ಕೊನೆಯಲ್ಲಿ. ನಾನು ಮೊದಲು ಕೆಲಸ ಮಾಡಿದ ಊರಿನ ಪಂಪ್ ಆಪರೇಟರ್ ಒಬ್ಬರು ಮೋಟಾರಿನ ವಿಷಯ ಕೇಳಲು ಫೋನ್ ಮಾಡಿದ್ದರು. ಇಡುವ ಮುಂಚೆ, "ಯಕ್ಕ ಈಗಿಲ್ಲ ಮೇಡಂ" ಎಂದರು. "ಯಾವಾಗ ಹೋದ್ರು?" ಎಂದು ಕೂಗಿಬಿಟ್ಟೆ. "ಅಯ್ಯೋ, ಅಂಗಲ್ಲ! ಚೆನ್ನಾಗವ್ರೆ. ಡ್ಯೂಟೀಲಿಲ್ಲ ಅಂದೆ" ಎಂದು ಅವರೇ ಗಾಬರಿಯಾಗಿ ತಿದ್ದಿದರು.

ಆ ಊರಿನ ಹೆಸರು ಬೇಡ; ಈ ಕತೆಯಲ್ಲಿ ಬರುವವರು ಇನ್ನೂ ಅಲ್ಲೇ ಇದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಕಡೆ ಓಡಾಡಿದವರು ಅಂಥ ಊರನ್ನು ನೋಡಿಯೇ ಇರುತ್ತಾರೆ. ಬೆನ್ನಿಗೊಂದು ಬಂಡೆಯ ಬೆಟ್ಟ. ಬೆಟ್ಟದ ಇಳಿಜಾರಿನಲ್ಲಿ ಮೂರು ಬೀದಿ. ಕೆಳಗೆ ತಗ್ಗಿನಲ್ಲಿ ಪೇಟೆ, ಬಸ್ ಸ್ಟ್ಯಾಂಡು, ರೇಷ್ಮೆ ನೂಲು ತೆಗೆಯುವವರ ಬೀದಿ, ಉಳಿದ ಊರೆಲ್ಲ. ದೂರದಲ್ಲಿ ಶುದ್ಧವಾದ ನೀರು ದಪ್ಪ ಪೈಪಿನಲ್ಲಿ ಬಂದು ಬೆಟ್ಟದ ಬುಡದ ಪಂಪ್‌ಹೌಸಿನಲ್ಲಿ ನೆಲದಡಿಯ ಸಂಪ್ ತೊಟ್ಟಿಗೆ ಬೀಳುತ್ತಿತ್ತು. ಅಲ್ಲಿಂದ ಅದನ್ನು ಪಂಪು ಎತ್ತಿ ಬೆಟ್ಟದ ಮೇಲಿನ ಟ್ಯಾಂಕಿಗೆ ತುಂಬಿಸುತ್ತಿತ್ತು. ಟ್ಯಾಂಕಿನಿಂದ ನೀರು ತಾನಾಗಿ ಇಳಿದು ಇಡೀ ಊರಿಗೆ ಹೋಗುತ್ತಿತ್ತು. ಪುರಸಭೆಯ ಕರೆಂಟ್ ಬಿಲ್ಲಿನ ಬಹುಪಾಲು ಈ ಎತ್ತುವ ಕೆಲಸಕ್ಕೇ ಸುರಿಯುತ್ತಿತ್ತು.

ನಾನು ಮೈಸೂರಿನವಳು. ಸಹಾಯಕ ಎಂಜಿನಿಯರ್ ಆಗಿ ನನ್ನ ಮೊದಲ ಪೋಸ್ಟಿಂಗ್ ಅದು. ಅಕ್ಕನನ್ನು ಮೊದಲು ಕಂಡಾಗ ಅವರು ಪಂಪ್‌ಹೌಸಿನ ಬಾಗಿಲಲ್ಲಿ ನಿಂತು ಒದ್ದೆ ಬಟ್ಟೆ ಹಿಂಡುತ್ತಿದ್ದರು. ಗಿಡ್ಡ ಆಳು, ಐವತ್ತು ದಾಟಿದ ವಯಸ್ಸು. ಸೀರೆಯ ಮೇಲೆ ಕಂಟ್ರಾಕ್ಟರ್ ಕೊಟ್ಟ ನೀಲಿ ಅಂಗಿ. ಅದು ಗಂಡಸರ ಅಳತೆಯದು, ತೋಳನ್ನು ಮೂರು ಮಡಿಕೆ ಮಡಿಸಿದರೂ ಬೆರಳವರೆಗೆ ಬರುತ್ತಿತ್ತು. ಹುಟ್ಟಿದ್ದು ಮರಳವಾಡಿ ಕಡೆ. ಮದುವೆಯಾಗಿ ಬಂದದ್ದು ಈ ಊರಿನ ಬೆಟ್ಟದ ಬೀದಿಗಳಲ್ಲೇ ಎಲ್ಲಕ್ಕಿಂತ ಮೇಲಿನದಕ್ಕೆ. ಗಂಡ ಗೂಡ್ಸ್ ಆಟೊ ಓಡಿಸುತ್ತಿದ್ದರು. ಪಂಪ್‌ಹೌಸಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದ ಅಕ್ಕ, ನೋಡಿ ನೋಡಿ, ಕೇಳಿ ಕೇಳಿ, ಆಪರೇಟರ್ ಆಗಿದ್ದರು.

ಅವರ ಕೇಳುವ ರೀತಿಯೇ ಬೇರೆ. ಒಂದು ಹೆಜ್ಜೆ ಮುಂದೆ ಬರುವರು, ತಲೆ ಓರೆ ಮಾಡುವರು, ತೋರುಬೆರಳು ಎತ್ತಿ "ಒಂದ್ ಮಾತು" ಎನ್ನುವರು. ಆ ಒಂದು ಮಾತು ಯಾವತ್ತೂ ಮೂರಕ್ಕೆ ಕಮ್ಮಿ ಇರುತ್ತಿರಲಿಲ್ಲ. ಮೀಟರ್ ಓದಲು ಬಂದವರನ್ನು, ಬ್ಲೀಚಿಂಗ್ ಪೌಡರ್ ಇಳಿಸಲು ಬಂದ ಲಾರಿಯವರನ್ನು, ತಪಾಸಣೆಗೆ ಬಂದ ದೊಡ್ಡ ಸಾಹೇಬರನ್ನೂ ಅವರು ಹಾಗೆಯೇ ಹಿಡಿದು ನಿಲ್ಲಿಸುತ್ತಿದ್ದರು. ಕೆಲವರಿಗೆ ರೇಗುತ್ತಿತ್ತು. "ನಿಂಗ್ಯಾಕಮ್ಮ ಅದೆಲ್ಲ?" ಎಂದರೆ, "ನಂಗೇನಿಲ್ಲ, ತಿಳ್ಕಳಾನ ಅಂತ" ಎಂದು ನಗುವರು. ಜಾಗ ಬಿಟ್ಟು ಕದಲುವುದಿಲ್ಲ.

ನಾನು ಬರುವ ಮುಂಚಿನ ಒಂದು ಸಂಗತಿಯನ್ನು ಬೇರೆ ಆಪರೇಟರ್‌ಗಳು ನಗುತ್ತ ಹೇಳುತ್ತಿದ್ದರು. ಪಂಪ್‌ಹೌಸಿನ ಗೋಡೆಯಲ್ಲಿ ಕಬ್ಬಿಣದ ಪೆಟ್ಟಿಗೆಯೊಂದಿತ್ತು, ಅದರ ದೀಪ ಯಾವಾಗಲೂ ಆರಿರುತ್ತಿತ್ತು. ಅಕ್ಕ ಮೀಟರ್ ಓದುವವರನ್ನು ಹಿಡಿದು ಅದೇನೆಂದು ಕೇಳಿದರು. ಅದು ಕೆಪಾಸಿಟರ್ ಪೆಟ್ಟಿಗೆ. ಮೋಟಾರು ಕರೆಂಟನ್ನು ಒರಟಾಗಿ ಎಳೆಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಸತ್ತರೆ ಪ್ರತಿ ಬಿಲ್ಲಿನಲ್ಲೂ ದಂಡ ಬೀಳುತ್ತದೆ. "ಯಾವಾಗಿಂದ ಸತ್ತೈತೆ?" ಎಂದು ಅಕ್ಕ ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಅವರು ಪುರಸಭೆಯ ಮುಖ್ಯಾಧಿಕಾರಿಯ ಕಚೇರಿಗೇ ಹೋಗಿ, "ಸಾರ್, ಪೆಟ್ಗೆ ಸತ್ತೈತಂತೆ, ತಿಥಿ ನಾವ್ ಮಾಡ್ತಾ ಇದೀವಂತೆ, ಹೌದಾ?" ಎಂದರಂತೆ. ಪೆಟ್ಟಿಗೆ ಹೊಸದಾಯಿತು.

ನಾನು ಪಂಪ್‌ಹೌಸಿಗೆ ಹೋಗಿದ್ದು ಹೊಸ ಪಂಪಿಗೆ ಜಾಗ ಅಳೆಯಲು. ಊರಿಗೆ ನೀರು ಸಾಲುತ್ತಿಲ್ಲ, ಇನ್ನೂ ದೊಡ್ಡ ಪಂಪ್ ಬೇಕು ಎಂದು ಕಚೇರಿಯಲ್ಲಿ ಆಗಲೇ ತೀರ್ಮಾನವಾಗಿತ್ತು. ಎಸ್ಟಿಮೇಟ್ ನನ್ನ ಮೇಜಿನ ಮೇಲಿತ್ತು. ಟೇಪಿನ ಇನ್ನೊಂದು ತುದಿ ಹಿಡಿದುಕೊಂಡ ಅಕ್ಕ, "ಒಂದ್ ಮಾತು ಮೇಡಮ್ಮಾ" ಎಂದರು.

"ಹೇಳಿ."

"ನೀರು ಸಾಲ್ತಿಲ್ವೋ, ಬೆಟ್ಟ ಹತ್ಸೋದು ಸಾಲ್ತಿಲ್ವೋ?"

ನನಗೆ ಅರ್ಥವಾಗಲಿಲ್ಲ. ಅವರು ಟೇಪನ್ನು ಕೆಳಗಿಟ್ಟು ಸಂಪಿನ ಮುಚ್ಚಳ ಎತ್ತಿದರು. ಒಳಗೆ ದೂರದಿಂದ ಬಂದ ನೀರು ಪೈಪಿನಿಂದ ಧಬಧಬ ಬೀಳುತ್ತಿತ್ತು.

"ಇಷ್ಟ್ ಜೋರಾಗಿ ಬರೋ ನೀರ್ನ ಗುಂಡೀಗ್ ಬುಡ್ತೀವಿ. ಆಮ್ಯಾಕೆ ಕರೆಂಟ್ ಹಾಕಿ ಬೆಟ್ಟಕ್ಕೆ ಹತ್ಸ್ತೀವಿ. ಬೆಟ್ಟದ್ ಮ್ಯಾಲೆ ಇರೋದು ನಮ್ದು ಮೂರು ಬೀದಿ. ಮಿಕ್ಕಿದ್ ಊರೆಲ್ಲ ಕೆಳಗೈತೆ, ಇಲ್ಲಿಗಿಂತ್ಲೂ ಕೆಳಗೆ. ಅವರ ನೀರು ಯಾಕೆ ಬೆಟ್ಟ ಹತ್ತಿ ಇಳೀಬೇಕು?"

ನಾನು, "ಪ್ರೆಶರ್ ಬೇಕಲ್ಲ ಅಕ್ಕ" ಎಂದೆ. ಎಂಜಿನಿಯರ್‌ಗಳು ಉತ್ತರ ಗೊತ್ತಿಲ್ಲದಾಗ ಹೇಳುವ ಮಾತು ಅದು.

"ಯಾರಿಗ್ ಬೇಕು? ಬನ್ನಿ ತೋರಿಸ್ತೀನಿ."

ಅವತ್ತು ಅವರ ಪಾಳಿ ಮುಗಿದ ಮೇಲೆ ಇಬ್ಬರೂ ರೇಷ್ಮೆ ಬೀದಿಗೆ ನಡೆದೆವು. ಗೂಡು ಬೇಯಿಸುವ ವಾಸನೆ ಬೀದಿಯ ತಿರುವಿನಲ್ಲೇ ಮೂಗಿಗೆ ಬಡಿಯಿತು. ಅಲ್ಲೊಬ್ಬ ಹಿರಿಯ ಸಾಹೇಬರು, ಬಿಳಿ ಗಡ್ಡ, ಬನಿಯನ್ನು, ಲುಂಗಿ. ಅವರ ತಂದೆಯ ಕಾಲದಿಂದಲೂ ನೂಲು ತೆಗೆಯುವ ಕಸುಬು. ಅಕ್ಕನನ್ನು ಕಂಡು, "ಬನ್ನಿ ಬೆಹನ್, ಇವತ್ತು ಏನು ಸವಾಲು?" ಎಂದು ನಕ್ಕರು. ಅಂಗಳದ ನಲ್ಲಿಯನ್ನು ತೋರಿಸಿದರು. ಅದಕ್ಕೆ ಸೈಕಲ್ ಟ್ಯೂಬ್ ಸುತ್ತಿ, ತಂತಿ ಬಿಗಿದು, ಮೇಲೊಂದು ಗೋಣಿ ಕಟ್ಟಿದ್ದರು.

"ಇದು ನಲ್ಲಿ ಅಲ್ಲ ಮೇಡಂ, ಫೈರ್ ಇಂಜನ್ ಐತೆ. ನೀರು ಬಿಟ್ಟಾಗ ಒಬ್ಬ ಹಿಡ್ಕೊಂಡು ನಿಂತ್ಕೋಬೇಕು. ನಾಲ್ಕು ತಿಂಗಳಿಗೆ ಒಂದು ನಲ್ಲಿ ಹೋಗ್ತದೆ. ರೋಡಲ್ಲಿ ಪೈಪ್ ಒಡೆಯೋದು ಬೇರೆ."

"ಮುಂಚೇನೂ ಇಂಗೇ ಇತ್ತಾ?" ಅಕ್ಕ ಕೇಳಿದರು.

"ಇಲ್ಲ ಇಲ್ಲ. ನಾನು ಹುಡುಗ ಇದ್ದಾಗ ಪಂಪ್‌ಹೌಸ್ ಪಕ್ಕ ಕಲ್ಲಿನ ಟ್ಯಾಂಕ್ ಐತಲ್ಲ, ಅಲ್ಲಿಂದ ಬರ್ತಿತ್ತು. ಆರಾಮಾಗಿ ಬರ್ತಿತ್ತು. ಬೆಟ್ಟದ ಮೇಲೆ ಹೊಸ ಟ್ಯಾಂಕ್ ಆಯ್ತು, ಅದಾಗಿ ಸ್ವಲ್ಪ ದಿನಕ್ಕೆ ಇದು ಬಂದ್."

ಆ ಕಲ್ಲಿನ ಟ್ಯಾಂಕನ್ನು ನಾನು ನೋಡಿದ್ದೆ. ಪಂಪ್‌ಹೌಸಿನ ಪಕ್ಕದ ದಿಬ್ಬದ ಮೇಲೆ, ಎರಡಾಳೆತ್ತರ, ಸುತ್ತ ಲಂಟಾನ. ಒಳಗೆ ಮುರಿದ ಕಸದ ಡಬ್ಬ, ಸುಟ್ಟ ಬೀದಿದೀಪ. ಕಚೇರಿಗೆ ಹೋಗಿ ಹಳೆಯ ಫೈಲು ತೆಗೆಸಿದೆ. ಒಂದು ಹಾಳೆಯಲ್ಲಿ ಒಂದೇ ಸಾಲು: ಟ್ಯಾಂಕು ಸೋರುತ್ತಿರುವುದರಿಂದ ಬಳಕೆ ನಿಲ್ಲಿಸಲಾಗಿದೆ. ಅಕ್ಕನಿಗೆ ಓದಿ ಹೇಳಿದೆ.

"ಎಲ್ಲಿ ಸೋರ್ತದಂತೆ?"

"ಬರೆದಿಲ್ಲ."

"ಎಷ್ಟು?"

"ಅದೂ ಇಲ್ಲ."

"ಬರ್ದೋರ್ ಯಾರು?"

ಸಹಿ ಇತ್ತು. ಆಗಿನ ಫಿಟ್ಟರ್ ಒಬ್ಬರದು. ನಿವೃತ್ತರಾಗಿ ಬಹಳ ವರ್ಷವಾಗಿತ್ತು. ಸೋಲೂರಿನ ಹತ್ತಿರದ ತಮ್ಮ ಹಳ್ಳಿಯಲ್ಲಿದ್ದಾರೆ ಎಂದು ಕಚೇರಿಯ ಹಿರಿಯ ಗುಮಾಸ್ತರು ಹೇಳಿದರು. ಅಷ್ಟಕ್ಕೆ ನಾನು ಸುಮ್ಮನಾಗುತ್ತಿದ್ದೆನೇನೋ. ಭಾನುವಾರ ಬೆಳಿಗ್ಗೆ ಅಕ್ಕ ನನ್ನ ಬಾಡಿಗೆ ಮನೆಯ ಮುಂದೆ ನಿಂತಿದ್ದರು. ನೀಲಿ ಅಂಗಿಯಿಲ್ಲದೆ, ತಲೆಗೆ ಹೂ ಮುಡಿದು, ಒಳ್ಳೆಯ ಸೀರೆಯುಟ್ಟು. "ಸೋಲೂರಿಗೆ ಬಸ್ಸೈತೆ, ಬತ್ತೀರಾ?"

ಫಿಟ್ಟರ್ ಅಜ್ಜ ಕೊಟ್ಟಿಗೆಯಲ್ಲಿ ಹಸುವಿಗೆ ಮೇವು ಹಾಕುತ್ತಿದ್ದರು. ಕಿವಿ ಚುರುಕಾಗಿತ್ತು, ನೆನಪು ಅದಕ್ಕಿಂತ ಚುರುಕು. ನಾನು ಟ್ಯಾಂಕಿನ ಮಾತೆತ್ತಿದ ಕೂಡಲೆ ಮೇವಿನ ಕಟ್ಟು ಕೆಳಗಿಟ್ಟು ಕಲ್ಲಿನ ಮೇಲೆ ಕೂತರು.

"ಸೋರ್ತಿರ್ಲಿಲ್ಲ ಕಣವ್ವ" ಎಂದರು. "ನೀರು ಒಳಕ್ಕೆ ಬರೋ ವಾಲು ಕಚ್ಕೊಂಡಿತ್ತು, ತಿರುಗ್ತಿರ್ಲಿಲ್ಲ. ಅದ್ನ ಸರಿ ಮಾಡ್ಬೇಕಂದ್ರೆ ಆಳುದ್ದ ಅಗೀಬೇಕು, ಒಂದಿನ ಪೂರ್ತಿ ಕೆಲ್ಸ. ಅವತ್ತು ಊರಿಂದ ಆಳ್ ಬಂದ. ನಮ್ಮನೇಲಿ ಹಸ ಕರ ಹಾಕಕ್ಕೆ ಒದ್ದಾಡ್ತೈತೆ, ಕರ ಅಡ್ಡ ತಿರುಗ್ಬುಟ್ಟೈತೆ, ಬಾ ಅಂದ. ನಮ್ಗಿದ್ದಿದ್ದು ಅದೊಂದೇ ಹಸ. ಟ್ಯಾಂಕ್ ಸೋರ್ತೈತೆ ಅಂತ ಒಂದ್ ಸಾಲ್ ಗೀಚಿ ಬಸ್ ಹತ್ಬುಟ್ಟೆ. ಎಂಗೂ ಬೆಟ್ಟದ್ ಮ್ಯಾಲೆ ಹೊಸಾದಿತ್ತಲ್ಲ. ನಾಳೀಕ್ ಬಂದು ಅಗೆಯಾನ ಅನ್ಕಂಡೆ."

"ಆಮೇಲೆ?" ಎಂದೆ.

"ಆಮ್ಯಾಕೆ ಯಾರೂ ಕೇಳ್ಲೇ ಇಲ್ಲ."

ಒಂದು ದಿನದ ಮಟ್ಟಿಗೆ ಬರೆದ ಒಂದು ಸಾಲು. ಅದನ್ನು ಯಾರೂ ಕೇಳದೆ ಬಿಟ್ಟದ್ದಕ್ಕೆ ಇಷ್ಟು ವರ್ಷ ಇಡೀ ಊರಿನ ನೀರು ದಿನಾ ಬೆಟ್ಟ ಹತ್ತಿ ಇಳಿದಿತ್ತು! ಸಿಟ್ಟೂ ಬಂತು. ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ತಲೆ ಓರೆ ಮಾಡಿ ಕೇಳಿದರು, "ಹಸ ಬದುಕ್ತಾ?"

ಅಜ್ಜನ ಮುಖ ಬದಲಾಯಿತು. "ಬದುಕ್ತು ಕಣವ್ವ. ಹೆಣ್ಗರ ಹಾಕ್ತು. ಈ ಕೊಟ್ಟಿಗೇಲಿರವೆಲ್ಲ ಅದರ ಸಂತಾನವೇ."

ಅಕ್ಕ ಎದ್ದು ಹೋಗಿ ಒಂದು ಹಸುವಿನ ಗಂಗೆದೊಗಲು ಸವರಿದರು. ಆಮೇಲೆ ಬಂದು ಕೂತು, ಕಚ್ಚಿಕೊಂಡ ವಾಲ್ವ್ ಎಲ್ಲಿದೆ, ಎಷ್ಟು ಆಳದಲ್ಲಿದೆ, ಯಾವ ಕಡೆ ತಿರುಗುತ್ತದೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ಅಜ್ಜ ನೆಲದ ಮೇಲೆ ಕಡ್ಡಿಯಲ್ಲಿ ಗೆರೆ ಎಳೆದು ತೋರಿಸಿದರು. ಹೊರಡುವಾಗ ಒಂದು ಲೋಟ ಗಟ್ಟಿ ಮಜ್ಜಿಗೆ ಕೊಟ್ಟರು. ಬಸ್ಸಿನಲ್ಲಿ ನಾನು, "ನಿಮಗೆ ಸಿಟ್ಟೇ ಬರಲಿಲ್ವಾ?" ಎಂದೆ. "ಬಂದಿದ್ರೆ ವಾಲು ಎಲ್ಲೈತೆ ಅಂತ ಯೋಳ್ತಿದ್ರಾ?" ಎಂದರು.

ವಾಲ್ವ್ ಅಜ್ಜ ಹೇಳಿದ ಜಾಗದಲ್ಲೇ ಸಿಕ್ಕಿತು. ಹೊಸದು ಹಾಕಿಸಿದೆವು. ಟ್ಯಾಂಕು ತೊಳೆಸಿ, ತುಂಬಿಸಿ, ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಇಟ್ಟಿಗೆಯ ಚೂರಿನಿಂದ ಗೆರೆ ಎಳೆದೆವು. ಎರಡು ದಿನ ಅಕ್ಕ ಗಂಟೆಗೊಂದು ಸಲ ಹೋಗಿ ಬಗ್ಗಿ ನೋಡಿದರು. ನೀರು ಗೆರೆ ಬಿಟ್ಟು ಇಳಿಯಲಿಲ್ಲ. ದೂರದಿಂದ ಬರುವ ನೀರು ತನ್ನ ಜೋರಿಗೇ, ಒಂದು ಯೂನಿಟ್ ಕರೆಂಟೂ ಇಲ್ಲದೆ, ಆ ಟ್ಯಾಂಕಿಗೆ ಏರುತ್ತಿತ್ತು. ಕೆಳಗಿನ ಊರಿಗೆ ಅಲ್ಲಿಂದ ಕೊಟ್ಟರೆ, ಪಂಪು ಬೆಟ್ಟದ ಮೂರು ಬೀದಿಗೆ ಮಾತ್ರ ನೀರೆತ್ತಿದರೆ ಸಾಕು.

ಮುಖ್ಯಾಧಿಕಾರಿ ಹದಿನೈದು ದಿನದ ಪ್ರಯೋಗಕ್ಕೆ ಒಪ್ಪಿದರು. "ಒಂದು ಕಂಪ್ಲೇಂಟ್ ಬಂದರೆ ನಿಲ್ಲಿಸ್ತೀನಿ" ಎಂದೂ ಹೇಳಿದರು. ಈಗ ಉಳಿದದ್ದು ಒಂದೇ ಕೆಲಸ. ಬೆಟ್ಟದ ಟ್ಯಾಂಕಿನಿಂದ ಊರಿಗಿಳಿಯುವ ಪೈಪನ್ನು ಮುಚ್ಚಬೇಕು. ಬೆಟ್ಟದ ದಾರಿ ಕವಲಾಗುವಲ್ಲಿ ಎರಡು ವಾಲ್ವ್ ಇದ್ದವು. ನಾನು ನಕ್ಷೆ ನೋಡಿ, "ಎಡಗಡೆಯದು ಮುಚ್ಚಿ" ಎಂದೆ.

ಅಕ್ಕ ವಾಲ್ವ್ ತಿರುಗಿಸುವ ಕೀಲಿ ಹಿಡಿದು ನಿಂತರು. "ಎಡಗಡೇದು ನಮ್ ಬೀದಿಗಳ್ದು ಇರ್ಬೇಕು ಮೇಡಮ್ಮಾ. ಇನ್ನೊಂದ್ಸಲ ನೋಡ್ಕಳಿ."

"ನಕ್ಷೇಲಿ ಹಾಗೇ ಇದೆ ಅಕ್ಕ."

"ನಕ್ಷೆ ಬರ್ದ ಮ್ಯಾಲೆ ರೋಡ್ ಅಗ್ದವ್ರೆ..."

"ಮುಚ್ಚಿ ಅಕ್ಕ" ಎಂದೆ. ಸ್ವಲ್ಪ ಗಡುಸಾಗಿಯೇ ಎಂದೆ. ಸುತ್ತ ನಾಲ್ಕು ಜನ ಕೆಲಸಗಾರರು ನಿಂತಿದ್ದರು. ಅವರು ಮುಚ್ಚಿದರು.

ಬೆಟ್ಟದ ಬೀದಿಗಳಿಗೆ ದಿನ ಬಿಟ್ಟು ದಿನ ನೀರು. ಮೊದಲ ಸರದಿಗೆ ಬರಲಿಲ್ಲ. ಪೈಪಿನಲ್ಲಿ ಗಾಳಿ ಕಟ್ಟಿರಬೇಕು ಎಂದೆ. ಎರಡನೆಯ ಸರದಿಗೂ ಬರಲಿಲ್ಲ. ಹೆಂಗಸರು ಖಾಲಿ ಕೊಡ ಹಿಡಿದು ಪುರಸಭೆಯ ಮೆಟ್ಟಿಲ ಮೇಲೆ ಬಂದು ಕೂತರು. ಆ ವಾರ್ಡಿನ ಸದಸ್ಯರು ಮುಖ್ಯಾಧಿಕಾರಿಯ ಮೇಜು ಕುಟ್ಟಿದರು. ನನ್ನನ್ನೂ ಅಕ್ಕನನ್ನೂ ಕಂಟ್ರಾಕ್ಟರನ್ನೂ ಕರೆಸಿದರು.

"ಯಾರು ವಾಲ್ವ್ ಮುಟ್ಟಿದ್ದು?" ಮುಖ್ಯಾಧಿಕಾರಿ ಕೇಳಿದರು.

ನಾನು ಪ್ರೊಬೇಷನ್‌ನಲ್ಲಿದ್ದೆ. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ.

"ನಾನೇ ಸಾರ್ ತಿರುವಿದ್ದು" ಎಂದರು ಅಕ್ಕ.

ಅದು ಸುಳ್ಳಲ್ಲ. ತಿರುವಿದ್ದು ಅವರೇ. ತಿರುವಲು ಹೇಳಿದ್ದು ಯಾರು ಎಂದು ಮುಖ್ಯಾಧಿಕಾರಿ ಕೇಳಲಿಲ್ಲ. ನಾನು ಹೇಳಲಿಲ್ಲ. "ಇವರನ್ನ ಸದ್ಯಕ್ಕೆ ಪಂಪ್‌ಹೌಸಿಗೆ ಕಳಿಸಬೇಡಿ" ಎಂದು ಕಂಟ್ರಾಕ್ಟರಿಗೆ ಅಪ್ಪಣೆಯಾಯಿತು. ಹೊರಗೆ ಬಂದಾಗ ಮೆಟ್ಟಿಲ ಮೇಲೆ ಕೂತಿದ್ದ ಪಕ್ಕದ ಮನೆಯ ಹೆಂಗಸು ಅಕ್ಕನಿಗೆ ಅಡ್ಡ ನಿಂತು, "ನಿನ್ ಬುದ್ವಂತಿಕೆ ನಿನ್ ಮನೇಲಿಟ್ಕ! ಬಾಣಂತಿ ಮಗ್ಳವ್ಳೆ ನಮ್ಮನೇಲಿ, ಮಗೀಗ್ ನೀರ್ ಹಾಕಕ್ಕೂ ಗತಿ ಇಲ್ದಂಗ್ ಮಾಡ್ಬುಟ್ಯಲ್ಲ!" ಎಂದು ಕೂಗಿದರು. ಅಕ್ಕ ತಲೆ ತಗ್ಗಿಸಿಕೊಂಡು ಹೋದರು. ಅವರು ತಲೆ ತಗ್ಗಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅದೇ ದಿನ ಎರಡೂ ವಾಲ್ವ್ ತೆರೆಸಿ ಎಲ್ಲವನ್ನೂ ಹಳೆಯ ರೀತಿಗೆ ತರಲು ಹೇಳಿದರು. ಖಾಲಿಯಾಗಿದ್ದ ಬೆಟ್ಟದ ಟ್ಯಾಂಕ್ ಮತ್ತೆ ತುಂಬಿ ನೀರು ಬಿಡಲು ಮಾರನೆಯ ದಿನವೇ ಆಗುತ್ತಿತ್ತು. ಸಂಜೆ ನಾನು ಪಂಪ್‌ಹೌಸಿಗೆ ಹೋದಾಗ ಹೊರಗಿನ ನಲ್ಲಿಯಲ್ಲಿ ಅಕ್ಕ ಕೊಡ ತುಂಬಿಸುತ್ತಿದ್ದರು. ಒಂದು ಸೊಂಟದ ಮೇಲೆ, ಒಂದು ಕೈಯಲ್ಲಿ. ನನ್ನನ್ನು ನೋಡಿ ತಲೆಯಾಡಿಸಿದರು, ನಿಲ್ಲಲಿಲ್ಲ. ನಾನು ಹಿಂದೆಯೇ ಹತ್ತಿದೆ. ಬೆಟ್ಟದ ಬೀದಿಯ ಮೆಟ್ಟಿಲುಗಳನ್ನು ನಾನು ಅವತ್ತಿನವರೆಗೂ ಹತ್ತಿರಲಿಲ್ಲ. ಅರ್ಧಕ್ಕೇ ಉಸಿರು ಬಿಗಿಯಿತು, ಕೈಯಲ್ಲಿ ಏನೂ ಇಲ್ಲದೆ. ಅಕ್ಕ ನೇರವಾಗಿ ಹೋಗಿ ಎರಡೂ ಕೊಡಗಳನ್ನು ಇಳಿಸಿದ್ದು ತಮ್ಮ ಮನೆಯ ಮುಂದಲ್ಲ, ಬಾಣಂತಿಯ ಮನೆಯ ಜಗಲಿಯ ಮೇಲೆ. ಬಾಗಿಲು ತಟ್ಟಲಿಲ್ಲ. ಅಲ್ಲಿದ್ದ ಖಾಲಿ ಕೊಡ ತೆಗೆದುಕೊಂಡು ಮತ್ತೆ ಇಳಿದರು. ಅವರು ಹಾಗೆ ಹತ್ತಿದ್ದು ಅವತ್ತಿಗೆ ನಾಲ್ಕನೆಯ ಸಲ ಎಂದು ಅಲ್ಲಿ ಆಡುತ್ತಿದ್ದ ಮಕ್ಕಳು ಹೇಳಿದವು.

ಮಾರನೆಯ ಬೆಳಿಗ್ಗೆ ಇಬ್ಬರು ಆಳುಗಳನ್ನು ಕರೆದುಕೊಂಡು ಹೋಗಿ ಕವಲಿನಲ್ಲಿ ಅಗೆಸಿದೆ. ಮೊಣಕಾಲುದ್ದ ತೆಗೆಯುವಷ್ಟರಲ್ಲಿ ಕಂಡಿತು. ಎಡಗಡೆಯ ಪೈಪು ನಾಲ್ಕು ಮಾರು ಹೋಗಿ, ಬಾಗಿ, ಮೇಲಕ್ಕೆ ತಿರುಗಿತ್ತು. ಅಕ್ಕ ಹೇಳಿದ್ದೇ ಸರಿ: ನಾನು ಮುಚ್ಚಿಸಿದ್ದು ಬೆಟ್ಟದ ಬೀದಿಗಳ ಪೈಪು, ಊರಿನದು ತೆರೆದೇ ಇದ್ದು ಟ್ಯಾಂಕನ್ನು ಬರಿದು ಮಾಡಿತ್ತು. ಮಣ್ಣು ಮೆತ್ತಿದ ಚಪ್ಪಲಿಯಲ್ಲೇ ಕಚೇರಿಗೆ ಹೋದೆ.

"ಸರ್, ಎಡಗಡೆಯದು ಮುಚ್ಚಿ ಅಂದವಳು ನಾನು. ಅವರು ಬೇಡ ಅಂದಿದ್ದರು."

ಮುಖ್ಯಾಧಿಕಾರಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಿನ್ನೆ ಯಾಕೆ ಹೇಳಲಿಲ್ಲ?"

ಆಮೇಲೆ ಅವರೇ, "ಬರೆದುಕೊಡಿ" ಎಂದರು. ಬರೆದುಕೊಟ್ಟೆ. ಅದಕ್ಕೆ ನನಗೊಂದು ಎಚ್ಚರಿಕೆಯ ಪತ್ರ ಬಂತು; ಇವತ್ತಿಗೂ ನನ್ನ ಸೇವಾ ಪುಸ್ತಕದ ಜೊತೆಗಿದೆ. ಅದರ ಮೇಲೆ ಬೇಸರವಿಲ್ಲ. ಪ್ರಯೋಗ ಮುಂದುವರಿಸಲು, ಅಕ್ಕನನ್ನು ಮತ್ತೆ ಕರೆಸಲು ಅವರು ಒಪ್ಪಿದ್ದು ಅದಾದ ಒಂದು ವಾರಕ್ಕೆ. ಅಷ್ಟು ದಿನ ಅಕ್ಕನಿಗೆ ಕೆಲಸವಿರಲಿಲ್ಲ.

ಅವರು ತಿರುಗಿ ಬಂದ ದಿನ ನಾನು ಮೊದಲೇ ಹೋಗಿ ಪಂಪ್‌ಹೌಸಿನಲ್ಲಿ ಕಾಯುತ್ತಿದ್ದೆ. ಕ್ಷಮಿಸಿ ಎಂದು ಹೇಳಲು ಎಷ್ಟೋ ರೀತಿಯಲ್ಲಿ ಮಾತು ಜೋಡಿಸಿಕೊಂಡಿದ್ದೆ. ಕೊನೆಗೆ "ನನ್ನ ಮೇಲೆ ಕೋಪ ಬಂತಾ ಅಕ್ಕ?" ಎಂದಷ್ಟೇ ಕೇಳಿದೆ.

ಅವರು ಅಂಗಿಯ ತೋಳು ಮಡಿಸುತ್ತ, "ಬಂತು" ಎಂದರು. "ಬರ್ದೆ ಇರ್ತದಾ? ಆದ್ರೆ ಒಸಿ ಕುತೂಹಲಾನೂ ಇತ್ತು."

"ಏನು ಕುತೂಹಲ?"

"ಈವಮ್ಮ ಎಷ್ಟ್ ದಿನ ತಡ್ಕಂಡಿರ್ತಾಳೆ ಅಂತ. ನಮ್ಮೆಜಮಾನ್ರು ಒಂದ್ ತಿಂಗ್ಳು ಅಂದ್ರು. ನಾನು ಮೂರ್ ದಿನ ಅಂದಿದ್ದೆ." ಇನ್ನೊಂದು ತೋಳು ಮಡಿಸುತ್ತ, "ಒಂದಿನಕ್ಕೇ ಬಂದ್ಬುಟ್ರಿ" ಎಂದು ನಕ್ಕರು.

ಸರಿಯಾದ ವಾಲ್ವ್ ಮುಚ್ಚಿದೆವು. ಬೆಟ್ಟದ ಬೀದಿಗಳಿಗೆ ಬೆಟ್ಟದ ಟ್ಯಾಂಕು, ಊರಿಗೆ ಕಲ್ಲಿನ ಟ್ಯಾಂಕು. ಹಗಲೆಲ್ಲ ಗುಂಯ್ಗುಡುತ್ತಿದ್ದ ಪಂಪು ಬೆಳಗಿನ ಕೆಲವು ಗಂಟೆ ಓಡಿ ನಿಲ್ಲತೊಡಗಿತು. ಬೆಟ್ಟದ ಬೀದಿಗಳಿಗೆ ದಿನಾ ನೀರು ಕೊಡುವಂತಾಯಿತು, ಏಕೆಂದರೆ ಆ ದೊಡ್ಡ ಟ್ಯಾಂಕು ಈಗ ಆ ಬೀದಿಗಳಿಗೆ ಮಾತ್ರ. ಪಕ್ಕದ ಮನೆಯ ಹೆಂಗಸು ಮೊಮ್ಮಗುವಿನ ನಾಮಕರಣಕ್ಕೆ ಅಕ್ಕನನ್ನು ಕರೆದು ತಾಂಬೂಲದ ಜೊತೆ ರವಿಕೆ ಬಟ್ಟೆ ಕೊಟ್ಟರು. ರೇಷ್ಮೆ ಬೀದಿಯ ಸಾಹೇಬರು ನಲ್ಲಿಗೆ ಕಟ್ಟಿದ ಗೋಣಿ ಬಿಚ್ಚಿದರು. "ಈಗ ಸ್ವಲ್ಪ ನಿಧಾನ ಐತೆ, ಬಕೆಟ್ ತುಂಬೋವರೆಗೆ ಒಂದು ಟೀ ಕುಡೀಬಹುದು" ಎಂದು ದೂರುತ್ತಲೇ ಹೊಗಳಿದರು. ಮೊದಲ ಕರೆಂಟ್ ಬಿಲ್ಲು ಬಂದಾಗ ಲೆಕ್ಕದ ಶಾಖೆಯವರು ನನಗೆ ಫೋನ್ ಮಾಡಿ, "ಮೇಡಂ, ಪಂಪ್‌ಹೌಸ್ ಮೀಟರ್ ಕೆಟ್ಟಿದೆಯಾ?" ಎಂದು ಕೇಳಿದರು. ಹೊಸ ಪಂಪಿನ ಎಸ್ಟಿಮೇಟನ್ನು ನಾನೇ ವಾಪಸು ತೆಗೆದುಕೊಂಡೆ.

ಆ ಮೇಲಿನ ದಿನಗಳಲ್ಲಿ ಪಂಪು ನಿಂತಾಗ ಅಕ್ಕ ಅಲ್ಲಿನ ಸ್ಟೂಲಿನ ಮೇಲೆ ಕೂತು ಸುಮ್ಮನೆ ಸಂಪಿನ ಕಡೆ ನೋಡುತ್ತಿದ್ದರು. ಒಮ್ಮೆ, "ಏನ್ ಯೋಚ್ನೆ?" ಎಂದೆ. "ಮೀನ್ಗೆ ನೀರು ಕಾಣಿಸ್ತದಾ ಅಂತ" ಎಂದರು. ನನಗೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದು ಸಲೀಸಾಗಿ ಹೇಳುವುದನ್ನು ಅಷ್ಟು ಹೊತ್ತಿಗೆ ಕಲಿತಿದ್ದೆ.

ನಾನು ವರ್ಗವಾಗುವ ಮುಂಚೆ ಮೇಲಿನ ಕಚೇರಿಗೆ ಈ ಕೆಲಸದ ವರದಿ ಬರೆದೆ. ಚೆನ್ನಾಗಿಯೇ ಬರೆದೆ. ಅದನ್ನು ಬೇರೆ ಊರುಗಳಿಗೂ ಕಳಿಸಿದರು. ಹೊಗಳಿಕೆಯೂ ಬಂತು. ಆಮೇಲೆ ಬೇರೆ ಊರು, ಬೇರೆ ಪೈಪು, ಬೇರೆ ಜಗಳ. ಆಗೀಗ ಫೋನಿನಲ್ಲಿ ಅಕ್ಕನ ಪ್ರಶ್ನೆಗಳು ಬರುತ್ತಿದ್ದವು.

ಅವರು ಡ್ಯೂಟಿಯಲ್ಲಿಲ್ಲ ಎಂದು ಕೇಳಿದ ವಾರವೇ ಹೋದೆ. ಬೆಟ್ಟದ ಮೆಟ್ಟಿಲ ಮೇಲೆ ಹುರುಳಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ವಿಷಯ ಅವರೇ ಹೇಳಿದರು. ಹೊಸ ಕಂಟ್ರಾಕ್ಟಿನಲ್ಲಿ ಪಂಪ್‌ಹೌಸಿಗೆ ಮೂವರಲ್ಲ, ಇಬ್ಬರೇ ಆಪರೇಟರ್. ಪಂಪು ಅರ್ಧ ದಿನವೂ ಓಡುವುದಿಲ್ಲ, ಮೂವರು ಯಾಕೆ? ಮೂವರಲ್ಲಿ ವಯಸ್ಸಾದವರು ಅಕ್ಕ.

ನಾನು ಎದುರಿಗೆ ಕುಕ್ಕರಿಸಿದೆ. ವರದಿಯ ಕೊನೆಯ ಪುಟ ಕಣ್ಣ ಮುಂದೆ ಬಂತು.

"ಅಕ್ಕ, ಅದನ್ನ ಬರೆದವಳು ನಾನೇ. ಆಪರೇಟರ್ ಕಡಿಮೆ ಮಾಡಬಹುದು ಅಂತ ವರದೀಲಿ ನಾನೇ ಬರೆದೆ. ನಿಮ್ಮ ನೆನಪೇ ಬರಲಿಲ್ಲ ಬರೆಯುವಾಗ."

ಅವರ ಬೆರಳು ಹುರುಳಿಯ ಮೇಲೆ ನಿಂತಿತು. ಆಮೇಲೆ, "ಎಂಗ್ ಬರ್ದಿದ್ರಿ? ಆ ಸಾಲು ಯೋಳಿ" ಎಂದರು.

ಹೇಳಿದೆ. "ಪಂಪಿನ ಓಟದ ಅವಧಿ ಕಡಿಮೆಯಾಗಿರುವುದರಿಂದ ಮೂವರು ಆಪರೇಟರ್‌ಗಳ ಬದಲು ಇಬ್ಬರು ಸಾಕಾಗುತ್ತಾರೆ."

ಅವರು ಅದನ್ನು ತುಟಿಯಲ್ಲೇ ಇನ್ನೊಂದು ಸಲ ಹೇಳಿಕೊಂಡರು. "ಲೆಕ್ಕ ಸರೀಗೈತೆ" ಎಂದರು. "ತಪ್ಪೇನಿಲ್ಲ. ಆದ್ರೆ ಸಾಲು ಪೂರ್ತಿ ಆಗಿಲ್ಲ ಮೇಡಮ್ಮಾ."

"ಅಂದ್ರೆ?"

"ಮೂರ್ನೇವ್ರು ಏನ್ ಮಾಡ್ಬೇಕು ಅಂತ ಬರ್ದೇ ಇಲ್ವಲ್ಲ."

ಸಿಟ್ಟಿನಿಂದ ಹೇಳಿದ ಮಾತಾಗಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು. ನಾನೂ ಹುರುಳಿಯಲ್ಲಿ ಕಲ್ಲು ಆರಿಸತೊಡಗಿದೆ. ಅವರೇ ಮಾತು ತಿರುಗಿಸಿದರು. ಬಿಡದಿಯ ತಟ್ಟೆ ಇಡ್ಲಿ ಹೋಟೆಲೊಂದರಲ್ಲಿ ಕೆಲಸ ಸಿಕ್ಕಿದೆ, ಸೋಮವಾರದಿಂದ ಬೆಳಗಿನ ಟ್ರೈನಿಗೆ ಹೋಗಬೇಕು, ಅಲ್ಲಿ ಒಂದೇ ಒಲೆಯ ಮೇಲೆ ಅಷ್ಟು ತಟ್ಟೆ ಪೇರಿಸುತ್ತಾರಲ್ಲ, ಮೇಲಿನದೂ ಕೆಳಗಿನದೂ ಒಂದೇ ಹದಕ್ಕೆ ಹೇಗೆ ಬೇಯುತ್ತದೋ ನೋಡಬೇಕು ಎಂದರು.

ಈಗ ನಾನಿರುವ ಊರಿನಲ್ಲೂ ಅಂಥದೇ ಕೆಲಸ ಮುಗಿಸಿದ್ದೇವೆ. ಇಲ್ಲಿಯೂ ಪಂಪಿನ ಹೊತ್ತು ಕಡಿಮೆಯಾಗಿದೆ. ಈ ಸಲದ ವರದಿಯಲ್ಲಿ ಇನ್ನೊಂದು ಸಾಲು ಸೇರಿಸಿದೆ: ಮೂರನೆಯ ಆಪರೇಟರ್ ದಿನವೂ ಪೈಪಿನ ದಾರಿಯಲ್ಲಿ ನಡೆದು ಸೋರಿಕೆ ಹುಡುಕಬೇಕು, ಸೋರಿಹೋಗುವ ನೀರನ್ನು ಎತ್ತಲೂ ಕರೆಂಟು ಬೇಕು. ವಾದ ಮಾಡಬೇಕಾಯಿತು, ಆದರೆ ಮಂಜೂರಾಯಿತು. ಮೊದಲ ವಾರವೇ ಆ ಆಪರೇಟರ್ ಚರಂಡಿಯೊಳಗೆ ಸದ್ದಿಲ್ಲದೆ ಸೋರುತ್ತಿದ್ದ ಪೈಪು ಪತ್ತೆ ಮಾಡಿದರು.

ಸಂತೋಷಕ್ಕೆ ಅಕ್ಕನಿಗೆ ಫೋನ್ ಮಾಡಿದೆ. ಅವರು ಟ್ರೈನಿನಲ್ಲಿದ್ದರು, ಕೆಲಸ ಮುಗಿಸಿ ಮನೆಗೆ ಹೊರಟಿದ್ದರು. ಎಲ್ಲಿ ಸೋರುತ್ತಿತ್ತು, ಎಷ್ಟು ದಿನದಿಂದ, ಹೇಗೆ ಗೊತ್ತಾಯಿತು, ಚರಂಡಿಯ ನೀರೋ ನಲ್ಲಿಯ ನೀರೋ ಎಂದು ಹೇಗೆ ತಿಳಿದರು, ಪೈಪು ಯಾವ ಕಾಲದ್ದು, ಆ ಆಪರೇಟರ್ ಯಾವ ಊರಿನವರು, ನಡೆಯಲು ಒಳ್ಳೆಯ ಚಪ್ಪಲಿ ಕೊಟ್ಟಿದ್ದೀರಾ, ಎಂದು ಅವರ ನಿಲ್ದಾಣ ಬರುವವರೆಗೂ ಕೇಳಿದರು. ಎಲ್ಲಕ್ಕೂ ಉತ್ತರ ಹೇಳಿದೆ. ಫೋನ್ ಇಟ್ಟ ಎಷ್ಟೋ ಹೊತ್ತಿನ ಮೇಲೆ ನನಗೆ ಹೊಳೆಯಿತು: ಆ ಕೆಲಸಕ್ಕೆ ನನ್ನನ್ನು ತಗೊಳ್ತೀರಾ ಎಂಬುದೊಂದನ್ನು ಮಾತ್ರ ಅವರು ಕೇಳಿರಲಿಲ್ಲ.